ಎಲೆಯಲ್ಲೊಂದು ತೂತು ಉಳಿಯಲಿ

ಹೊನ್ನಾವರದ ನಮ್ಮ ಹಿತ್ತಲಲ್ಲಿ ಒಂದು ನೇರಳೆ ಮರವಿತ್ತು. ಮಳೆ ಹಿಡಿಯುವ ಮೊದಲು ಹಣ್ಣು ಉದುರಿ ಅಂಗಳವೆಲ್ಲ ನೀಲಿಯಾಗುತ್ತಿತ್ತು, ನಮ್ಮ ನಾಲಿಗೆಯೂ. ಆ ಮರದ ಚಿಗುರಿನಲ್ಲಿ ಒಮ್ಮೆ ಒಂದು ಹುಳ ಕಂಡೆ. ತಲೆಯ ಹಿಂದೆ ಮೈ ಗುಂಡಗೆ ಉಬ್ಬಿ, ಎಣ್ಣೆ ಸವರಿದ ಹಾಗೆ ಮಿರುಗುತ್ತಿತ್ತು. ಕಾಯಿಗೆ ಯಾರೋ ಸಪೂರ ಬಾಲ ಹಚ್ಚಿಟ್ಟಂತಿತ್ತು. ಹೊಡೆಯಲು ಕೋಲು ಎತ್ತಿದೆ. ಆಯಿ ಕೈ ಹಿಡಿದಳು. "ಅದ್ಕೂ ಹೊಟ್ಟೆ ಇಲ್ಯನ ತಮಾ?"

ಆ ಹುಳ ಬೆಳೆದು ಕೆಂಗಂದು ಬಣ್ಣದ ಪುಟ್ಟ ಪತಂಗವಾಗುತ್ತದೆ. ಕೇರಿಯಾ ಆಂಗ್ಯುಲೇಟಾ ಎಂದು ಕೀಟಶಾಸ್ತ್ರದವರು ಅದನ್ನು ಕರೆಯುತ್ತಾರೆ. ಕನ್ನಡದಲ್ಲಿ ಅದಕ್ಕೊಂದು ಹೆಸರಿಟ್ಟದ್ದನ್ನು ನಾನು ಕೇಳಿಲ್ಲ. ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಗೋಡೆಗೆ ಒಣಗಿದ ಎಲೆಚೂರಿನಂತೆ ಅಂಟಿಕೊಂಡಿರುತ್ತಿತ್ತು. ಈಗ ನಾನು ಕಾದು ಕೂತರೂ ಬರುವುದಿಲ್ಲ.

ಏಕೆ ಬರುವುದಿಲ್ಲ ಎಂದು ನಿಮಗೆ ಗೊತ್ತಿದೆ. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾದವರೆಗೆ ಹೆದ್ದಾರಿ 66 ಅಗಲವಾದಾಗ ರಸ್ತೆಯಂಚಿನ ಮರಗಳು ಉರುಳಿದ್ದನ್ನು ನೀವೂ ಬಸ್ಸಿನ ಕಿಟಕಿಯಿಂದ ನೋಡಿದ್ದೀರಿ, ಒಂದು ಕ್ಷಣ ಎದೆ ಭಾರವಾಗಿದೆ, ಆಮೇಲೆ ಊರು ಬೇಗ ತಲುಪಿದ ಸಮಾಧಾನದಲ್ಲಿ ಮರೆತಿದ್ದೀರಿ. ರಸ್ತೆ ಬೇಕಿತ್ತು, ಒಪ್ಪುತ್ತೇನೆ. ಆದರೆ ಹಿತ್ತಲಿನ ಮರ ಕಡಿಯಲು ಯಾವ ಹೆದ್ದಾರಿಯೂ ಹೇಳಿರಲಿಲ್ಲ. ಹಣ್ಣು ಬಿದ್ದು ಇಂಟರ್‌ಲಾಕ್ ಅಂಗಳ ಕಲೆಯಾಗುತ್ತದೆಂದು ನೇರಳೆ ಹೋಯಿತು, ಉದುರಿದ ದರಕು ಗುಡಿಸಿ ಸಾಕಾಯಿತೆಂದು ಮುರುಗಲು ಹೋಯಿತು, ಕೂಲಿಗೆ ಜನ ಸಿಗುವುದಿಲ್ಲವೆಂದು ಕಾಟುಮಾವು ಹೋಯಿತು. ಹೋದ ಒಂದೊಂದು ಮರದ ಜೊತೆಗೆ ಅದನ್ನೇ ನಂಬಿದ ಎಷ್ಟು ಸಣ್ಣ ಹೊಟ್ಟೆಗಳು ಹೋದವೋ, ಕೂಗಿ ಹೇಳಲು ಅವಕ್ಕೆ ದನಿಯಿರಲಿಲ್ಲ.

ವಿಷದ ಕತೆಯೂ ನಿಮಗೆ ಗೊತ್ತಿದೆ. ಗೇರುಮರದ ಟೀ ಸೊಳ್ಳೆ ಎಂಬ ಕೀಟ ಸಾಯಲೆಂದು ಎಂಡೋಸಲ್ಫಾನ್ ಸಿಂಪಡಿಸಿದೆವು. ಕೇರಳದ ಕಾಸರಗೋಡಿನಲ್ಲಿ, ದಕ್ಷಿಣ ಕನ್ನಡದಲ್ಲಿ ಹೆಲಿಕಾಪ್ಟರಿನಿಂದಲೇ ಸುರಿದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು, ಅದೇ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ಉತ್ತರ ಕನ್ನಡದ ಕರಾವಳಿಯ ಮನೆಗಳಲ್ಲೂ ಮಾತು ಬಾರದ, ಎದ್ದು ನಿಲ್ಲಲಾರದ ಮಕ್ಕಳು ಸಂತ್ರಸ್ತರ ಪಟ್ಟಿ ಸೇರಿದರು. ಹುಳಕ್ಕೆಂದು ಎತ್ತಿದ ಕೈ ಹುಳದ ಹತ್ತಿರವೇ ನಿಲ್ಲುವುದಿಲ್ಲ ಎಂಬುದಕ್ಕೆ ಆ ಮಕ್ಕಳ ತಾಯಂದಿರಿಗಿಂತ ದೊಡ್ಡ ಸಾಕ್ಷಿ ಬೇಕೆ? ಆದರೂ ಎಲೆಯಲ್ಲಿ ನಾಲ್ಕು ತೂತು ಕಂಡರೆ ನಾವು ಇಂದೂ ಔಷಧ ಅಂಗಡಿಗೆ ಓಡುತ್ತೇವೆ, ಅದನ್ನು "ಔಷಧ" ಎಂದೇ ಕರೆಯುತ್ತೇವೆ.

ಒಂದು ಪತಂಗ ಹೋದರೆ ಏನಾಯಿತು ಎನ್ನುತ್ತೀರಾ? ಗುಬ್ಬಿಗಿಂತಲೂ ಪುಟ್ಟದಾದ, ಅಮೆರಿಕದ ಚಿಕಡೀ ಎಂಬ ಹಕ್ಕಿ ಒಂದು ಗೂಡಿನ ಮರಿಗಳನ್ನು ರೆಕ್ಕೆ ಬಲಿಯುವವರೆಗೆ ಸಾಕಲು 6,000ದಿಂದ 9,000 ಕಂಬಳಿಹುಳಗಳನ್ನು ಹೊತ್ತು ತರುತ್ತದೆ. ನಮ್ಮ ಮಡಿವಾಳ ಹಕ್ಕಿಯ ಮರಿಗಳೂ ಹುಳ ತಿಂದೇ ಬೆಳೆಯುತ್ತವೆ. ಬೆಳಗಿನ ಜಾವ ನಿಮ್ಮ ಕಿಟಕಿಯ ಹೊರಗೆ ಸಿಳ್ಳೆ ಹಾಕುವ ಆ ಕರಿ-ಬಿಳಿ ಹಕ್ಕಿಯ ಗಂಟಲಿನಲ್ಲಿ ನೇರಳೆಯ ಚಿಗುರೂ ಇದೆ, ಚಿಗುರು ತಿಂದ ಹುಳವೂ ಇದೆ. ಜರ್ಮನಿಯ 63 ರಕ್ಷಿತ ತಾಣಗಳಲ್ಲಿ 27 ವರ್ಷಗಳ ಅವಧಿಯಲ್ಲಿ ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿದಿತ್ತೆಂದು 2017ರಲ್ಲಿ ತಿಳಿಯಿತು. ಅಲ್ಲಿನವರು ಹಿಡಿದು ತೂಗಿಟ್ಟಿದ್ದರು, ಆದ್ದರಿಂದ ಗೊತ್ತಾಯಿತು. ನಮ್ಮ ಜಗಲಿಯ ಗೋಡೆಯನ್ನು ಯಾರು ಎಣಿಸಿಟ್ಟಿದ್ದಾರೆ?

ನೀವು ಕೆಟ್ಟವರಲ್ಲ. ಬಾಣಂತಿ ಬೆಕ್ಕಿಗೆ ಹಾಲು ಇಡುವವರು, ಅಂಗಳಕ್ಕೆ ಬಂದ ಕಾಗೆಗೆ ಮೊದಲ ತುತ್ತು ಎಸೆಯುವವರು, ನಾಗನ ಬನದ ಒಂದು ಟೊಂಗೆಯನ್ನೂ ಮುಟ್ಟದವರು ನೀವು. ಆ ಕರುಣೆಯ ಒಂದು ಮುಷ್ಟಿಯನ್ನು ಈ ಹೆಸರಿಲ್ಲದ ಜೀವದ ಕಡೆಗೂ ಚೆಲ್ಲಿ ಎಂದು ಕೈಮುಗಿದು ಕೇಳುತ್ತಿದ್ದೇನೆ. ಹಿತ್ತಲಿನ ನೇರಳೆ ನಿಂತಿರಲಿ. ಬೇಲಿಯ ಬದಿಯ ದರಕಿಗೆ ಬೆಂಕಿ ಇಡಬೇಡಿ. ಎಷ್ಟೋ ಪತಂಗಗಳ ಕೋಶಗಳು ಅದರಡಿ ಮಲಗಿರುತ್ತವೆ. ತಿಂದ ಎಲೆ ಕಂಡರೆ ಸಿಂಪಡಿಸುವ ಡಬ್ಬಿ ಕೆಳಗಿಡಿ, ಮರ ಮತ್ತೆ ಚಿಗುರುತ್ತದೆ. ಇವತ್ತು ರಾತ್ರಿ ಉಂಡು ಕೈತೊಳೆದ ಮೇಲೆ, ಬಾಗಿಲು ಹಾಕುವ ಮುಂಚೆ, ಪತಂಗಗಳ ದಾರಿ ತಪ್ಪಿಸುತ್ತಾ ಬೆಳಗಿನವರೆಗೆ ಸುಮ್ಮನೆ ಉರಿಯುವ ಜಗಲಿಯ ಆ ಬಿಳಿ ದೀಪವನ್ನೊಮ್ಮೆ ಆರಿಸಿ.