ಐದು ರೂಪಾಯಿ ಬಿಟ್ಟುಕೊಟ್ಟರೆ ಕೈತಪ್ಪುವುದೇನು?

ವಿಶಾಖಪಟ್ಟಣದಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನ ದೊಡ್ಡ ತೈಲ ಶುದ್ಧೀಕರಣಾಗಾರವಿದೆ. ಊರಿನಲ್ಲೇ ಪೆಟ್ರೋಲ್ ತಯಾರಾದರೂ ಅಲ್ಲಿಯವರು 2025ರಲ್ಲಿ ಲೀಟರಿಗೆ ತೆತ್ತದ್ದು 108 ರೂಪಾಯಿ. ವಿಜಯವಾಡದವರು ಅದಕ್ಕಿಂತ ಒಂದು ರೂಪಾಯಿ ಹೆಚ್ಚು. ಬೆಂಗಳೂರಿನಲ್ಲಿ ಆಗ 103ರ ಆಸುಪಾಸು. ಅಂತರಕ್ಕೆ ಕಾರಣ ಆಂಧ್ರದ ತೆರಿಗೆ: ಪೆಟ್ರೋಲಿಗೆ ಶೇ 31, ಡೀಸೆಲ್‌ಗೆ ಶೇ 22.25 ವ್ಯಾಟ್, ಅದರ ಮೇಲೆ ಲೀಟರಿಗೆ 4 ರೂಪಾಯಿ ಹೆಚ್ಚುವರಿ ವ್ಯಾಟ್, ಸಾಲದೆಂಬಂತೆ 1 ರೂಪಾಯಿ ರಸ್ತೆ ಸೆಸ್. ಕೊನೆಯ ಆ ಐದು ರೂಪಾಯಿಯನ್ನಾದರೂ ಕೈಬಿಡಿ ಎಂದು ಜನ ಕೇಳಿದರೆ ಅದನ್ನು ಅನ್ಯಾಯದ ಬೇಡಿಕೆ ಎನ್ನಲಾಗದು. ಆದರೆ ಆ ಐದು ರೂಪಾಯಿಯಿಂದ ಬೇರೇನು ಆಗುತ್ತಿತ್ತು ಎಂಬುದನ್ನೂ ಜೊತೆಗೇ ಕೇಳಬೇಕು.

ಲೆಕ್ಕಕ್ಕೆ ಸರ್ಕಾರದ್ದೇ ಒಂದು ಅಂಕಿ ಇದೆ. 2018ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಪೆಟ್ರೋಲ್, ಡೀಸೆಲ್ ಎರಡರ ತೆರಿಗೆಯಲ್ಲೂ ಲೀಟರಿಗೆ ಎರಡು ರೂಪಾಯಿ ಇಳಿಸಿದಾಗ ಬೊಕ್ಕಸಕ್ಕೆ 1,120 ಕೋಟಿ ರೂಪಾಯಿ ಖೋತಾ ಎಂದಿದ್ದರು. ಅಂದರೆ ಒಂದು ರೂಪಾಯಿಗೆ 560 ಕೋಟಿ, ಐದಕ್ಕೆ 2,800 ಕೋಟಿ. ಅಂದಿನ ಇಳಿಕೆ ಜನರ ಅನುಭವಕ್ಕೆ ಬಂದದ್ದೂ ಕಡಿಮೆ. ಆ ದಿನಗಳಲ್ಲಿ ದೆಹಲಿಯಲ್ಲಿ 80.73 ರೂಪಾಯಿ ಇದ್ದ ಪೆಟ್ರೋಲ್ ಅಕ್ಟೋಬರ್ 4ಕ್ಕೆ 84 ಮುಟ್ಟಿತು. ಆಂಧ್ರದ ಎರಡು ರೂಪಾಯಿ ಆ ಏರಿಕೆಯಲ್ಲಿ ಕರಗಿಹೋಯಿತು. ಇಳಿಸದಿದ್ದರೆ ಇನ್ನೂ ಎರಡು ಹೆಚ್ಚಾಗುತ್ತಿತ್ತು, ನಿಜ. ಆದರೆ ಬೊಕ್ಕಸದ ಕೊರತೆ ಮಾತ್ರ 2020ರಲ್ಲಿ ತೆರಿಗೆ ಮತ್ತೆ ಏರುವತನಕ ಉಳಿಯಿತು. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಕೈಯಲ್ಲಿ ತಾವೇ ದರ ಕಟ್ಟಬಲ್ಲ ತೆರಿಗೆಗಳು ಉಳಿದಿರುವುದೇ ಬೆರಳೆಣಿಕೆಯಷ್ಟು: ಇಂಧನ, ಮದ್ಯ, ನೋಂದಣಿ, ವಾಹನ. ಬಿಟ್ಟದ್ದನ್ನು ಬೇರೆ ಕಡೆಯಿಂದ ತುಂಬಿಕೊಳ್ಳುವುದು ಸುಲಭವಲ್ಲ. ಆ ಹಣದಿಂದ ಏನಾಗಬಹುದು ನೋಡಿ: ವಿಜಯವಾಡ ಮೆಟ್ರೊದ ಮೊದಲ ಹಂತ 38.4 ಕಿ.ಮೀ., ಅಂದಾಜು 11,009 ಕೋಟಿ, ವಿಶಾಖಪಟ್ಟಣದ್ದು 46.23 ಕಿ.ಮೀ., 11,498 ಕೋಟಿ. 2014ರ ಆಂಧ್ರ ವಿಭಜನಾ ಕಾಯ್ದೆಯಲ್ಲೇ ಪ್ರಸ್ತಾಪವಾದ ಈ ಎರಡೂ ಯೋಜನೆಗಳಲ್ಲಿ ಒಂದೊಂದರ ಮೊದಲ ಹಂತದ ಇಡೀ ವೆಚ್ಚ ಆ ಐದು ರೂಪಾಯಿಯ ನಾಲ್ಕು ವರ್ಷದ ವಸೂಲಿಗೆ ಹತ್ತಿರ. ಮೆಟ್ರೊ ಬೇಡವೆನ್ನುವವರು ಬುಡಮೇರು ಹಳ್ಳವನ್ನು ನೆನೆಯಲಿ: 2024ರ ಸೆಪ್ಟೆಂಬರಿನಲ್ಲಿ ಅದರ ದಂಡೆ ಒಡೆದು ವಿಜಯವಾಡದ ಸಿಂಗ್ ನಗರ ದಿನಗಟ್ಟಲೆ ನೀರಿನಲ್ಲಿತ್ತು. ದಂಡೆಗೂ ದುಡ್ಡು ಬೇಕು.

ಬಡವನ ಮಾತೇನು ಎಂಬ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ಡೀಸೆಲ್ ಏರಿದರೆ ತರಕಾರಿಯೂ ಏರುತ್ತದೆ, ಆಟೊ ಓಡಿಸುವವನ ಗಳಿಕೆ ಸೊರಗುತ್ತದೆ. ಆದರೆ ತೆರಿಗೆ ಇಳಿಕೆಯ ಫಲ ಸುಡುವ ಲೀಟರಿಗೆ ತಕ್ಕಂತೆ ಹಂಚಿಹೋಗುತ್ತದೆ. ದೊಡ್ಡ ಕಾರಿನವನಿಗೆ ಹೆಚ್ಚು, ಬಸ್ ಹತ್ತುವವಳಿಗೆ ನೇರವಾಗಿ ಏನೂ ಇಲ್ಲ. 2025ರ ಅಕ್ಟೋಬರಿನಲ್ಲಿ ಆಂಧ್ರ ಸರ್ಕಾರ ಸುಮಾರು 2.9 ಲಕ್ಷ ಚಾಲಕರಿಗೆ ತಲಾ 15,000 ರೂಪಾಯಿ ಕೊಟ್ಟಿತು. ತಗುಲಿದ್ದು 436 ಕೋಟಿ, ಅಂದರೆ ಲೀಟರಿಗೆ 80 ಪೈಸೆಗೂ ಕಡಿಮೆ. ಅದೇ ಹಣವನ್ನು ಬಂಕಿನಲ್ಲಿ ಬಿಟ್ಟುಕೊಟ್ಟಿದ್ದರೆ, ದಿನಕ್ಕೆ ಐದು ಲೀಟರಿನಂತೆ ವರ್ಷಕ್ಕೆ 300 ದಿನ ಓಡಿಸುವ ಚಾಲಕನಿಗೆ ಉಳಿಯುತ್ತಿದ್ದದ್ದು 1,200 ರೂಪಾಯಿಯೂ ಇಲ್ಲ. ಚುನಾವಣೆಯ ಲೆಕ್ಕಾಚಾರ ಆ ಹಂಚಿಕೆಯಲ್ಲೂ ಇರಬಹುದು, ಇರಲಿ. ಬಡವನ ಕೈಗೆ ಎಷ್ಟು ತಲುಪಿತು ಎಂಬ ಅಳತೆಯಲ್ಲಿ ಅದೇ ಮೇಲು.

ಇನ್ನೊಂದು ಆಕ್ಷೇಪ ನಂಬಿಕೆಯದು. ರಸ್ತೆ ಸೆಸ್ 2020ರಿಂದ ವಸೂಲಾಗುತ್ತಿದ್ದಾಗಲೇ ಆಂಧ್ರದ ಗುಂಡಿಗಳು ರಾಜಕೀಯ ಸುದ್ದಿಯಾಗಿದ್ದವು. ಕಟ್ಟಿದ ಸೆಸ್ ಯಾವ ರಸ್ತೆಗೆ ಹೋಯಿತೆಂದು ಬಹಿರಂಗಪಡಿಸಿ ಎಂದು ಪಟ್ಟು ಹಿಡಿಯಲು ಇದು ತಕ್ಕ ಕಾರಣ. ಸೆಸ್ಸನ್ನೇ ತೆಗೆದರೆ ಗುಂಡಿ ಹಾಗೇ ಉಳಿಯುತ್ತದೆ, ಲೆಕ್ಕ ಕೇಳುವ ಹಕ್ಕೂ ಹೋಗುತ್ತದೆ. ನನ್ನ ವಾದ ಸಡಿಲವಾಗುವುದು ಗಡಿಯಲ್ಲಿ, ಅದೂ ಡೀಸೆಲ್ ವಿಷಯದಲ್ಲಿ. ಹಿಂದೂಪುರದಿಂದ ಹೊರಟ ಲಾರಿ ಗಡಿಯಾಚೆ ಕರ್ನಾಟಕದ ಗೌರಿಬಿದನೂರಿನಲ್ಲಿ ಅಗ್ಗದ ಡೀಸೆಲ್‌ನಿಂದ ಟ್ಯಾಂಕ್ ತುಂಬಿಸಿದರೆ ಆಂಧ್ರಕ್ಕೆ ಐದು ರೂಪಾಯಿಯಷ್ಟೇ ಅಲ್ಲ, ಇಡೀ ವ್ಯಾಟ್ ಹೋಗುತ್ತದೆ. ಕರ್ನಾಟಕ 2024ರ ಜೂನ್ ಮತ್ತು 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ ಏರಿಸಿ ಈ ಅಂತರವನ್ನು ಕಿರಿದಾಗಿಸಿದೆ. ಉಳಿದದ್ದನ್ನು ಆಂಧ್ರ ಡೀಸೆಲ್ ಮಟ್ಟಿಗೆ ಒಂದೆರಡು ರೂಪಾಯಿ ಇಳಿಸಿ ಸರಿದೂಗಿಸಲಿ. ವಿಜಯವಾಡದ ಪೆಟ್ರೋಲಿಗೆ ಆ ನೆಪ ಅನ್ವಯಿಸುವುದಿಲ್ಲ.