ಒಂಬತ್ತೇ ಮಂದಿಯ ಅಂಗಡಿಗಳು

ಕಾರ್ಮಿಕ ರಾಜ್ಯ ವಿಮೆ (ಇಎಸ್‌ಐ) ಯಾರೋ ಕರುಣೆಯಿಂದ ನೀಡುವ ಸವಲತ್ತಲ್ಲ. ಕಾರ್ಮಿಕನ ವೇತನದಿಂದ ಶೇ. 0.75 ಮತ್ತು ಮಾಲಕನಿಂದ ಶೇ. 3.25ರಷ್ಟು ವಂತಿಗೆಯೆಂದು 2019ರ ಜುಲೈಯಲ್ಲಿ ನಿಗದಿಪಡಿಸಲಾದ ಕಾನೂನುಬದ್ಧ ಹಕ್ಕು ಅದು. ಕಾಯಿಲೆ ಬಿದ್ದವನಿಗೆ ವರ್ಷಕ್ಕೆ 91 ದಿನಗಳ ತನಕ ಶೇ. 70ರಷ್ಟು ವೇತನ, ಮೊದಲೆರಡು ಹೆರಿಗೆಗಳಿಗೆ 26 ವಾರಗಳ ಪೂರ್ಣ ವೇತನ, ಕೆಲಸದಲ್ಲಿ ಜೀವ ಹೋದರೆ ಅವಲಂಬಿತರಿಗೆ ಮಾಸಾಶನ, ಜೊತೆಗೆ ಕುಟುಂಬಕ್ಕೆ ಚಿಕಿತ್ಸೆ. ಹೀಗಿದ್ದೂ ನಮ್ಮ ಪೇಟೆಗಳಲ್ಲಿ ದುಡಿಯುವ ಅಸಂಖ್ಯ ಮಂದಿ ಇದರ ಹೊರಗಿದ್ದಾರೇಕೆ?

ಮೊದಲ ಗೋಡೆ ಹತ್ತರದ್ದು. ಹತ್ತು ಮಂದಿ ದುಡಿಯುವ ಸಂಸ್ಥೆಗೆ ವಿಮೆ ಕಡ್ಡಾಯ. ಆದ್ದರಿಂದಲೇ ಹದಿನೈದು ಮಂದಿ ಬೆವರು ಸುರಿಸುವ ಅಂಗಡಿಯ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳಿರುತ್ತವೆ. ಉಳಿದವರು 'ಗುತ್ತಿಗೆಯವರು', 'ಕಲಿಯಲು ಬಂದ ಹುಡುಗರು'. ಆದರೆ ಗುತ್ತಿಗೆದಾರನ ಆಳುಗಳ ಹೊಣೆಯೂ ಮುಖ್ಯ ಮಾಲಕನದ್ದೇ. ಒಮ್ಮೆ ವ್ಯಾಪ್ತಿಗೆ ಬಂದ ಸಂಸ್ಥೆ ಆಳುಗಳನ್ನು ಕಡಿಮೆ ಮಾಡಿ ಹೊರಬರುವಂತೆಯೂ ಇಲ್ಲ. ಲೆಕ್ಕ ಬರೆಯುವವರಿಗೆ ಇದು ತಿಳಿಯದ್ದೇನಲ್ಲ.

ಎರಡನೆಯದು ವೇತನದ ಮಿತಿ. 2017ರ ಜನವರಿಯಲ್ಲಿ ಅದು 15 ಸಾವಿರದಿಂದ 21 ಸಾವಿರ ರೂಪಾಯಿಗೆ ಏರಿತು. ಆ ಬಳಿಕ ಬೆಲೆಗಳು ಏರಿದವು, ಮಿತಿ ಮಾತ್ರ ವರ್ಷಗಟ್ಟಲೆ ಕದಲಲಿಲ್ಲ. ಫಲವೇನು? ಐನೂರು ರೂಪಾಯಿ ಸಂಬಳ ಹೆಚ್ಚಿದ ಕಾರ್ಮಿಕ ಕೊನೆಗೆ ಆಸ್ಪತ್ರೆಯ ಬಾಗಿಲಿನಿಂದ ಹೊರಬೀಳುತ್ತಾನೆ. ಕಾನೂನಿನಲ್ಲಿ ಇನ್ನೊಂದು ಬಗೆಯ ವಿನಾಯಿತಿಯೂ ಉಂಟು: ದಿನಕ್ಕೆ ಸರಾಸರಿ 176 ರೂಪಾಯಿಗಿಂತ ಕಡಿಮೆ ಗಳಿಸುವವನು ತನ್ನ ಪಾಲು ಕಟ್ಟಬೇಕಿಲ್ಲ, ರಕ್ಷಣೆ ಮಾತ್ರ ಪೂರ್ತಿ. ವಿನಾಯಿತಿಯೆಂದರೆ ಇದು. ಹೊರದಬ್ಬುವುದಕ್ಕೂ ಅದೇ ಹೆಸರಿಡುವುದು ಶಬ್ದಕ್ಕೆ ಮಾಡುವ ಅನ್ಯಾಯ.

ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರ ಕತೆ ಇದಕ್ಕಿಂತ ಕಹಿ. ಮನೆಯಲ್ಲಿ ಕುಳಿತು ಸೂಪಿನಲ್ಲಿ ಎಲೆ ಸುತ್ತುವವಳೂ ಕಾರ್ಮಿಕಳೇ ಎಂಬ ಕಾನೂನನ್ನು ಸುಪ್ರೀಂ ಕೋರ್ಟು 1974ರಲ್ಲಿ ಮಂಗಳೂರಿನ ಬೀಡಿ ಕಂಪೆನಿಯೊಂದರ ಪ್ರಕರಣದಲ್ಲಿ ಎತ್ತಿಹಿಡಿಯಿತು. 1985ರಲ್ಲಿ ಭವಿಷ್ಯನಿಧಿಯ ಹಕ್ಕನ್ನೂ ಒಪ್ಪಿತು. ಚಿಕಿತ್ಸೆಗೆ ಮಾತ್ರ ಆಕೆ ನೆಚ್ಚಿದ್ದು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಆಸ್ಪತ್ರೆಗಳನ್ನು. ಅದಕ್ಕೆ ಹಣ ಒದಗಿಸುತ್ತಿದ್ದ 1976ರ ಸೆಸ್ 2017ರಲ್ಲಿ ಜಿಎಸ್‌ಟಿಯೊಂದಿಗೆ ರದ್ದಾಯಿತು. ತೆರಿಗೆ ಸರಳವಾಯಿತೆಂದು ದಿಲ್ಲಿ ಸಂಭ್ರಮಿಸಿದಾಗ ಈ ಹೆಂಗಸರನ್ನು ನೆನೆದವರೆಷ್ಟು ಮಂದಿ? ಮನೆಗೆಲಸದಾಕೆಯ ಮಾತೇ ಬೇಡ. ಒಬ್ಬಳಿರುವ ಮನೆ ಹತ್ತರ ಲೆಕ್ಕ ಎಂದು ತಲುಪೀತು?

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಒಂದು ಕಿಂಡಿಯಿದೆ. ಅಪಾಯಕಾರಿಯೆಂದು ಕೇಂದ್ರ ಸರಕಾರ ಘೋಷಿಸಿದ ಕಸುಬಿನಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ವಿಮೆ ಅನ್ವಯಿಸಬಹುದು. ಹತ್ತಕ್ಕಿಂತ ಕಡಿಮೆ ಮಂದಿಯಿರುವಲ್ಲಿ ಮಾಲಕ ಮತ್ತು ಬಹುಸಂಖ್ಯಾತ ಕಾರ್ಮಿಕರು ಒಪ್ಪಿದರೆ ಸ್ವಇಚ್ಛೆಯಿಂದಲೂ ಸೇರಬಹುದು. ಮಾಲಕನ ಒಪ್ಪಿಗೆಯನ್ನೇ ನೆಚ್ಚಿದ ಹಕ್ಕು ಎಷ್ಟು ದೂರ ನಡೆದೀತೆಂಬ ಸಂಶಯ ನಮಗಿದೆ. ಆದರೂ ನಮ್ಮ ಬಟ್ಟೆ ಮಳಿಗೆ, ಹೊಟೇಲು, ಖಾಸಗಿ ಶಾಲೆಗಳ ಆಡಳಿತದವರು ಯಾವ ನೋಟೀಸಿಗೂ ಕಾಯಬೇಕಿಲ್ಲ. ಕಾರ್ಮಿಕರೂ ಈ ತಿಂಗಳ ವೇತನ ಚೀಟಿಯಲ್ಲಿ ವಿಮಾ ಸಂಖ್ಯೆ ಇದೆಯೇ ಎಂದು ನೋಡಲಿ. ವೇತನದಿಂದ ಮುರಿದುಕೊಂಡ ವಂತಿಗೆಯನ್ನು ನಿಗಮಕ್ಕೆ ಕಟ್ಟದಿರುವುದು ಜೈಲು ಶಿಕ್ಷೆಗೆ ಅರ್ಹವಾದ ಅಪರಾಧ.