ಕುಲುಮೆಯ ಹದವೂ ಕ್ವಾಂಟಮ್ ಯಂತ್ರವೂ

ಬೀದರದ ಬಳಿಯ ಜನವಾಡದಿಂದ ವಾಚಕರೊಬ್ಬರು ಕೇಳಿರುವರು: ಹತ್ತು ಸಲ ಲೆಕ್ಕ ಹಾಕಿ ಒಮ್ಮೆ ಮಾತ್ರ ಸರಿಯುತ್ತರ ಕೊಡುವ ಕ್ವಾಂಟಮ್ ಯಂತ್ರವೂ ಒಂದು ಯಂತ್ರವೇ? ಪ್ರಶ್ನೆಯು ನ್ಯಾಯವಾದುದೇ.

ಜನವಾಡದಿಂದ ಹೊರಟ ಗಾಡಿಯೊಂದು ಭಾಲ್ಕಿ, ಔರಾದ ಮೊದಲಾದ 10 ಊರುಗಳಿಗೆ ಧಾನ್ಯ ಮುಟ್ಟಿಸಿ ಮರಳಬೇಕೆನ್ನಿ. ಊರುಗಳ ಸರದಿಯನ್ನು 36,28,800 ಬಗೆಯಾಗಿ ಹೂಡಬಹುದು. ಊರುಗಳು ನೂರಾದರಂತೂ ಒಂದೊಂದು ಸರದಿಯನ್ನೂ ಅಳೆದು ನೋಡುವ ಮಾತೇ ಇಲ್ಲ.

ಇಲ್ಲಿಗೆ ಕಮ್ಮಾರನ ವಿದ್ಯೆಯು ಒದಗಿತು. ಕಾದ ಉಕ್ಕನ್ನು ನೀರಿಗದ್ದಿದರೆ ಪೆಡಸಾಗುವುದು. ಬೂದಿಯಲ್ಲಿ ಹುಗಿದು ಮೆಲ್ಲಗೆ ಆರಗೊಟ್ಟರೆ ಕಣಗಳು ತಮ್ಮ ನೆಲೆಯನ್ನು ಕಂಡುಕೊಂಡು ಲೋಹವು ಮಿದುವಾಗುವುದು. ಈ ಹದವನ್ನು 1983ರಲ್ಲಿ ಕರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಕ್ಕಿ ಎಂಬವರು ಗಣಕದ ಲೆಕ್ಕಕ್ಕೆ ತಂದರು. ಶಾಖದ ಬಲದಿಂದ ಗುಡ್ಡವನ್ನು ಹತ್ತಿಳಿಯುವ ಬದಲು, ಅದನ್ನು ಕೊರೆದು ಹಾಯುವ ಕ್ವಾಂಟಮ್ ದಾರಿಯನ್ನು 1989ರಲ್ಲಿ ಕಲ್ಕತ್ತೆಯ ಬಿಕಾಸ್ ಚಕ್ರಬರ್ತಿಯವರೂ ಸಂಗಡಿಗರೂ ಸೂಚಿಸಿದರು. 1998ರಲ್ಲಿ ಜಪಾನಿನ ಕಡೊವಾಕಿ ಮತ್ತು ನಿಶಿಮೊರಿ ಅದಕ್ಕೆ ಕ್ವಾಂಟಮ್ ಅನೀಲಿಂಗ್ ಎಂಬ ರೂಪವನ್ನು ಕೊಟ್ಟರು. ಯಂತ್ರದ ಅತಿ ತಗ್ಗಿನ ಶಕ್ತಿಯ ನೆಲೆಯೇ ಅತಿ ಹತ್ತಿರದ ದಾರಿಯಾಗುವಂತೆ ಲೆಕ್ಕವನ್ನು ಹೂಡುವರು.

ಯಂತ್ರವು ತಪ್ಪುವುದೇಕೆ? ನಡುವೆ ಒಂದೆಡೆ, ಅತಿ ತಗ್ಗಿನ ನೆಲೆಗೂ ಅದರ ಮೇಲಿನ ಮೆಟ್ಟಿಲಿಗೂ ಇರುವ ಅಂತರವು ಬಹಳ ಕಿರಿದಾಗುತ್ತದೆ. ಅಲ್ಲಿ ಅವಸರಪಟ್ಟರೆ ಯಂತ್ರವು ಮೇಲಿನ ಮೆಟ್ಟಿಲಿಗೆ ಹಾರಿ ತಪ್ಪು ದಾರಿಯನ್ನು ಹೇಳುವುದು. ಹಾಗೆಂದು ಆದ್ಯಂತವೂ ನಿಧಾನಿಸಿದರೆ ಹೊರಗಿನ ಶಾಖವೂ ಸದ್ದೂ ಒಳನುಗ್ಗಿ ಕೆಲಸ ಕೆಡುತ್ತದೆ. ಆದುದರಿಂದ ಅಗಲವಾದ ಹಾದಿಯಲ್ಲಿ ಬೇಗ ನಡೆದು ಇಕ್ಕಟ್ಟಿನಲ್ಲಿ ಮಾತ್ರ ಮೆಲ್ಲಗಾಗುವುದು ಜಾಣತನ. ಇಕ್ಕಟ್ಟನ್ನು ದಾಟಿದ ತುಸು ಮುಂದೆ ಯಂತ್ರವನ್ನು ಕ್ಷಣಕಾಲ ತಂಗಿಸಿದರೆ ಸರಿಯುತ್ತರದ ಸಂಭವವು ಹೆಚ್ಚುವುದೆಂದು 2019ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದುವು. ಅಡುಗೆಮನೆಯಲ್ಲಿ ಪಾಕದ ಎಳೆ ಕಾಯುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಹತ್ತರಲ್ಲಿ ಒಂದರ ಮಾತು. ಲೆಕ್ಕವೊಂದು ಮೈಕ್ರೋಸೆಕೆಂಡುಗಳಲ್ಲಿ ಮುಗಿಯುವುದರಿಂದ ಮತ್ತೆ ಮತ್ತೆ ಮಾಡಿಸಬಹುದು. 44 ಸಲ ಮಾಡಿಸಿದರೆ ಒಮ್ಮೆಯಾದರೂ ಸರಿಯುತ್ತರ ಬರುವ ಸಂಭವವು ನೂರಕ್ಕೆ 99. ಹತ್ತರಲ್ಲಿ ಎರಡು ಸಲ ಗೆಲ್ಲುವಂತೆ ಹದಮಾಡಿದರೆ 21 ಸಲವೇ ಸಾಕು. ಬಂದ ದಾರಿಗಳ ಉದ್ದವನ್ನು ಕೂಡಿಸಿ ನೋಡಿ ಚಿಕ್ಕದನ್ನು ಆರಿಸಿಕೊಳ್ಳುವುದು ಸುಲಭ. ಆದರೆ ಅದಕ್ಕಿಂತ ಚಿಕ್ಕದು ಇಲ್ಲವೇ ಇಲ್ಲವೆಂಬ ಮುದ್ರೆಯನ್ನು ಯಂತ್ರವು ಒತ್ತಿಕೊಡದು.

ನಮ್ಮ ವಾಚಕರ ಗಾಡಿಯ 10 ಊರುಗಳಿಗೆ ಮನೆಯ ಗಣಕವೇ ಸಾಕು.